ಒಂದು ಯಂತ್ರ, ಎರಡು ಗನ್: ಸಣ್ಣ ಕಾರಿನವರು ಬಿಟ್ಟುಕೊಡಬೇಕಾ?

ಪ್ರಶ್ನೆ: ನಾನು ಗಂಗಾವತಿಯಲ್ಲಿ ಶಿಕ್ಷಕಿ. ನಮ್ಮದು ಟಿಯಾಗೊ ಇವಿ, ಅಂದರೆ ಎಲೆಕ್ಟ್ರಿಕ್ ಕಾರು, 24 ಯೂನಿಟ್ ಬ್ಯಾಟರಿ. ಹೋದ ತಿಂಗಳು ಅಮ್ಮನ ಕಣ್ಣು ತೋರಿಸಲು ಹುಬ್ಬಳ್ಳಿಗೆ ಹೋಗಿದ್ದೆ. ವಾಪಸ್ ಬರುವಾಗ ಕೊಪ್ಪಳದ ಹತ್ತಿರ ಹೆದ್ದಾರಿ ಹೋಟೆಲೊಂದರ ಮುಂದೆ ಚಾರ್ಜ್‌ಗೆ ನಿಲ್ಲಿಸಿದೆ. ಆಗ 28 ಪರ್ಸೆಂಟ್ ಇತ್ತು. 60 ಕಿಲೋವ್ಯಾಟ್ ಯಂತ್ರ, ಎರಡು ಗನ್ (ಕಾರಿಗೆ ಸಿಕ್ಕಿಸುವ ಕೇಬಲ್ಲಿನ ತುದಿ). ಐದು ನಿಮಿಷಕ್ಕೆ ದೊಡ್ಡದೊಂದು ಎಸ್‌ಯುವಿ ಬಂದು ಪಕ್ಕದ ಗನ್ ಹಾಕಿಕೊಂಡಿತು. ಸ್ವಲ್ಪ ಹೊತ್ತಿಗೆ ಅದರ ಮಾಲೀಕರು ಬಂದು, "ನಿಮ್ಮಿಂದ ನನಗೆ ಅರ್ಧ ಸ್ಪೀಡ್ ಬರಾಕತ್ತೈತಿ. ಸಣ್ಣ ಗಾಡಿಯವರು ಮನ್ಯಾಗ ಹಾಕ್ಕೋಬೇಕು, ಇಲ್ಲಿಗ್ಯಾಕ ಬರ್ತೀರಿ" ಎಂದರು. 80 ಆದಮೇಲೆ ತೆಗೆಯುತ್ತೇನೆ ಎಂದೆ. ಅಮ್ಮನನ್ನು ಶೌಚಾಲಯಕ್ಕೆ ಕರೆದುಕೊಂಡು ಹೋಗಿ ಬರುವಷ್ಟರಲ್ಲಿ ಯಾರೋ ಯಂತ್ರದ ಕೆಂಪು ಗುಂಡಿ ಒತ್ತಿದ್ದರು. ನನ್ನದು 62ಕ್ಕೆ ನಿಂತಿತ್ತು. ಅವರದೂ ನಿಂತಿತ್ತು. ನಾನು ಹಾಗೇ ಹೊರಟು ಬಂದೆ. ಯಂತ್ರ ಮತ್ತೆ ಶುರುವಾಗಲು 40 ನಿಮಿಷ ಬೇಕಾಯಿತಂತೆ. ನನ್ನ ಕಾರಿನಿಂದ ಅವರಿಗೆ ನಿಜವಾಗಲೂ ಕರೆಂಟ್ ಕಡಿಮೆಯಾಯಿತಾ? ಸಣ್ಣ ಕಾರಿನವರು ಫಾಸ್ಟ್ ಚಾರ್ಜರ್‌ಗೆ ಬರಬಾರದಾ? ಹಾಗೆ ನಡುವೆ ನಿಲ್ಲಿಸಿದ್ದರಿಂದ ನನ್ನ ಬ್ಯಾಟರಿಗೆ ಏನಾದರೂ ಆಗಿರಬಹುದಾ? ದಾರಿಯುದ್ದಕ್ಕೂ ಅಮ್ಮ, "ನಾವೇ ತಪ್ಪು ಮಾಡಿದ್ವಾ" ಅಂತ ಕೇಳುತ್ತಿದ್ದರು.

ಉತ್ತರ: ಮೊದಲು ಬ್ಯಾಟರಿಯ ಚಿಂತೆ ಬಿಡಿ. ಒಂದು ಸಲ ಹೀಗೆ ನಡುವೆ ನಿಂತರೆ ಬ್ಯಾಟರಿಗೆ ಏನೂ ಆಗುವುದಿಲ್ಲ. ಕರೆಂಟ್ ಹೋದಾಗಲೂ ಚಾರ್ಜಿಂಗ್ ಹೀಗೇ ತಟ್ಟನೆ ನಿಲ್ಲುತ್ತದೆ. ನಮ್ಮ ಕಡೆ ಅದು ಹೊಸದೇನಲ್ಲ. ಮರುದಿನ ಮನೆಯಲ್ಲಿ ಎಂದಿನಂತೆ ಚಾರ್ಜ್ ಆಗಿದ್ದರೆ, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಬಂದಿಲ್ಲದಿದ್ದರೆ ಕಾರು ಸರಿಯಾಗಿದೆ. ಅಮ್ಮನಿಗೂ ಹೇಳಿ, ನೀವು ಅಲ್ಲಿ ನಿಲ್ಲಿಸಿದ್ದರಲ್ಲಿ ತಪ್ಪಿಲ್ಲ.

ನಾನು ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಇಂಥ ಯಂತ್ರಗಳನ್ನು ಕೂರಿಸುವ, ರಿಪೇರಿ ಮಾಡುವ ಕೆಲಸದಲ್ಲಿದ್ದೇನೆ. ನೀವು ಬರೆದಂಥ ಜಗಳ ಈಗ ತಿಂಗಳಿಗೊಂದಾದರೂ ನನ್ನ ಕಿವಿಗೆ ಬೀಳುತ್ತದೆ. ಹೆಚ್ಚಿನ ಜಗಳಗಳಲ್ಲಿ ಇಬ್ಬರ ಮಾತಿನಲ್ಲೂ ಅರ್ಧ ನಿಜ ಇರುತ್ತದೆ. ನಿಮ್ಮದರಲ್ಲೂ ಇದೆ.

ಆ ಎಸ್‌ಯುವಿ ಮಾಲೀಕರ ಅರ್ಧ ನಿಜ ಯಾವುದು ಅಂತ ಮೊದಲು ಹೇಳುತ್ತೇನೆ. ಯಂತ್ರದ ಮೇಲೆ 60 ಕಿಲೋವ್ಯಾಟ್ ಅಂತ ಬರೆದಿದ್ದರೆ ಅದು ಇಡೀ ಯಂತ್ರದ ತಾಕತ್ತು, ಒಂದೊಂದು ಗನ್ನಿನದಲ್ಲ. ಒಳಗೆ ಚಿಕ್ಕ ಚಿಕ್ಕ ಪವರ್ ಮಾಡ್ಯೂಲ್‌ಗಳಿರುತ್ತವೆ. 15 ಕಿಲೋವ್ಯಾಟಿನ ನಾಲ್ಕೋ, 30ರ ಎರಡೋ. ಒಂದೇ ಕಾರು ಇದ್ದಾಗ ಎಲ್ಲ ಮಾಡ್ಯೂಲ್‌ಗಳೂ ಅದಕ್ಕೇ ದುಡಿಯುತ್ತವೆ. ಎರಡನೇ ಕಾರು ಬಂದ ಕೂಡಲೇ ಬಹಳಷ್ಟು ಯಂತ್ರಗಳು 30, 30 ಅಂತ ಪಾಲು ಮಾಡಿಬಿಡುತ್ತವೆ. ಕಾರು ಚಿಕ್ಕದೋ ದೊಡ್ಡದೋ ಯಂತ್ರ ನೋಡುವುದಿಲ್ಲ. ಹಾಗಾಗಿ ನೀವು ಇದ್ದಷ್ಟು ಹೊತ್ತು ಅವರಿಗೆ ಅರ್ಧವೇ ಸಿಕ್ಕಿತು ಎಂಬುದು ನಿಜ.

ಆದರೆ ಅವರು ಲೆಕ್ಕ ಹಾಕಿ ನೋಡಲಿಲ್ಲ. ಅವರ ಕಾರಿನ ಬ್ಯಾಟರಿ 79 ಯೂನಿಟ್ ಅಂದುಕೊಳ್ಳಿ. ಈಗಿನ ದೊಡ್ಡ ಮಾದರಿಗಳಲ್ಲಿ ಅಷ್ಟು ಇರುತ್ತದೆ. 20ರಿಂದ 80 ಪರ್ಸೆಂಟ್‌ಗೆ ಹೆಚ್ಚುಕಡಿಮೆ 47 ಯೂನಿಟ್ ಬೇಕು. 60 ಕಿಲೋವ್ಯಾಟಿನಲ್ಲಿ ಅದು ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ. ನೀವು 80ರ ವರೆಗೆ ಕೂತಿದ್ದರೂ ಅವರು ಬಂದ ಮೇಲೆ ಸುಮಾರು 30 ನಿಮಿಷ ಇರುತ್ತಿದ್ದಿರಿ. ಆ 30 ನಿಮಿಷದಲ್ಲಿ ಅವರಿಗೆ ಕಡಿಮೆಯಾಗುತ್ತಿದ್ದದ್ದು 15 ಯೂನಿಟ್. ಅದನ್ನು ಪೂರ್ತಿ ವೇಗದಲ್ಲಿ ತುಂಬಲು 15 ನಿಮಿಷ ಸಾಕು. ಕೆಂಪು ಗುಂಡಿ ಒತ್ತಿದವರು ಯಾರೋ ಗೊತ್ತಿಲ್ಲ. ಅವರು ಆ 15 ನಿಮಿಷದ ಜಾಗದಲ್ಲಿ 40 ನಿಮಿಷ ಕಳೆದರು. ಹಿಂದೆ ಬಂದವರೂ ಕಾದರು.

ಇನ್ನು ನಿಮ್ಮ ಕಡೆಯ ಅರ್ಧ ನಿಜ. ನಿಮಗೆ ಚಾರ್ಜ್ ಬೇಕೇ ಬೇಕಿತ್ತು. 24 ಯೂನಿಟ್ಟಿನ 28 ಪರ್ಸೆಂಟ್ ಅಂದರೆ ಆರೂಮುಕ್ಕಾಲು ಯೂನಿಟ್. ಹೆದ್ದಾರಿಯಲ್ಲಿ ಎಸಿ ಹಾಕಿಕೊಂಡು ಯೂನಿಟ್ಟಿಗೆ ಏಳೆಂಟು ಕಿಲೋಮೀಟರ್ ಹಿಡಿದರೆ 50 ಕಿ.ಮೀ. ಆಸುಪಾಸು. ಕೊಪ್ಪಳದಿಂದ ಗಂಗಾವತಿ ಸುಮಾರು 45. ವಯಸ್ಸಾದವರನ್ನು ಕೂರಿಸಿಕೊಂಡು ಆ ಅಂಚಿನಲ್ಲಿ ಯಾರೂ ಓಡಿಸಬಾರದು. ಆದರೆ 50 ಪರ್ಸೆಂಟ್ ಆದಾಗಲೇ ನಿಮ್ಮ ಹತ್ತಿರ 12 ಯೂನಿಟ್ ಇತ್ತು. ಅದು ಮನೆಯ ದೂರದ ಹತ್ತಿರ ಹತ್ತಿರ ಎರಡರಷ್ಟಕ್ಕೆ ಸಾಕು. ಮನೆಯಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಿಕೊಳ್ಳಬಹುದು. ಪಕ್ಕದಲ್ಲಿ ಒಬ್ಬರು ಕಾಯುತ್ತಿರುವಾಗ 80ರ ವರೆಗೆ ಕೂರುವ ಅಗತ್ಯ ನಿಮಗಿರಲಿಲ್ಲ. ಇದನ್ನು ತಪ್ಪು ಅಂತ ನಾನು ಕರೆಯುವುದಿಲ್ಲ. ಜೋರು ಮಾಡಿದವರ ಮುಂದೆ ಬಿಟ್ಟು ಏಳುವ ಮನಸ್ಸು ಯಾರಿಗೂ ಬರುವುದಿಲ್ಲ. ಅವರು ಬಂದು, "ಅಕ್ಕಾ, ನಿಮಗೆ ಎಲ್ಲೀತನಕ ಹೋಗಬೇಕು?" ಅಂತ ಕೇಳಿದ್ದರೆ ನೀವೇ 50ಕ್ಕೆ ತೆಗೆಯುತ್ತಿದ್ದಿರಿ ಅನ್ನಿಸುತ್ತದೆ.

ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಅದೊಂದೇ. ಕಾರು ಎಷ್ಟು ದೊಡ್ಡದು, ಎಷ್ಟು ಲಕ್ಷದ್ದು, ಯಾವ ಕಂಪನಿಯದು ಎಂಬುದರಿಂದ ಗನ್ನಿನ ಮೇಲೆ ಯಾರಿಗೂ ಹಕ್ಕು ಹೆಚ್ಚಾಗುವುದಿಲ್ಲ. ಮುಂದಿನ ಊರು ಎಷ್ಟು ದೂರ, ಅಲ್ಲಿಗೆ ಇನ್ನೆಷ್ಟು ಬೇಕು ಎಂಬುದನ್ನು ನೋಡಬೇಕು. ಬೆಂಗಳೂರಿನಲ್ಲಿ ಒಂದು ಯಂತ್ರ ಕೈಕೊಟ್ಟರೆ ಎರಡು ಕಿಲೋಮೀಟರಿಗೆ ಇನ್ನೊಂದು ಸಿಗಬಹುದು. ಹೆದ್ದಾರಿಯ ಎರಡೂ ಬದಿ 25 ಕಿಲೋಮೀಟರಿಗೊಂದು ಚಾರ್ಜಿಂಗ್ ಸ್ಟೇಷನ್ ಇರಬೇಕು ಅಂತ ಕೇಂದ್ರ ಇಂಧನ ಸಚಿವಾಲಯ 2018ರಲ್ಲೇ ಮಾರ್ಗಸೂಚಿ ಮಾಡಿತ್ತು. ಸಿಂಧನೂರು, ಮಸ್ಕಿ, ಕುಷ್ಟಗಿ ಕಡೆ ಓಡಾಡುವವರಿಗೆ ಅದು ಇನ್ನೂ ಎಷ್ಟು ಬಂದಿದೆ ಅಂತ ನಾನು ಹೇಳಬೇಕಾಗಿಲ್ಲ. ಇರುವ ಎರಡು ಗನ್‌ಗಳನ್ನು ಹಂಚಿಕೊಂಡೇ ನಾವು ಓಡಾಡಬೇಕು.

"ದೊಡ್ಡ ಕಾರು ಪಕ್ಕದಲ್ಲಿ ನಿಂತರೆ ನಮ್ಮ ಕರೆಂಟ್ ಎಳೆದುಕೊಳ್ಳುತ್ತದೆ" ಎಂಬ ಮಾತೂ ಓಡಾಡುತ್ತಿದೆ. ಇದು ಸುಳ್ಳು. ಗನ್ ಹಾಕಿದ ಕೂಡಲೇ ಕಾರು ಮತ್ತು ಯಂತ್ರ ಮಾತಾಡಿಕೊಳ್ಳುತ್ತವೆ. ಎಷ್ಟು ಕರೆಂಟ್ ಬೇಕು ಎಂದು ಹೇಳುವುದು ಕಾರು. ಯಂತ್ರ ತನ್ನ ಮಿತಿಯೊಳಗೆ ಅಷ್ಟನ್ನು ಕೊಡುತ್ತದೆ. ನಿಮ್ಮ ಟಿಯಾಗೊ ಹೆಚ್ಚೆಂದರೆ 25 ಕಿಲೋವ್ಯಾಟ್ ಆಸುಪಾಸು ಕೇಳುತ್ತದೆ. ಪಾಲು ಮಾಡಿದ ಮೇಲೂ ನಿಮ್ಮ ಗನ್ನಿಗೆ 30 ಇತ್ತು. ಪಕ್ಕದಲ್ಲಿ ಎಷ್ಟೇ ದೊಡ್ಡ ಕಾರು ನಿಂತರೂ ನಿಮಗೆ ನಷ್ಟವಿರಲಿಲ್ಲ.

ಇದರಿಂದ ಒಂದು ಉಪಯೋಗವಿದೆ. ನಿಮ್ಮಂಥ ಕಾರಿಗೆ 30 ಕಿಲೋವ್ಯಾಟಿನ ಯಂತ್ರವೂ ಒಂದೇ, 60ರದೂ ಒಂದೇ, 120ರದೂ ಒಂದೇ. ಒಂದೇ ಕಡೆ ಎರಡು ಯಂತ್ರಗಳಿದ್ದು ಎರಡೂ ಖಾಲಿ ಇದ್ದರೆ ಚಿಕ್ಕದಕ್ಕೆ ಹಾಕಿ. ನಿಮಗೆ ಒಂದು ನಿಮಿಷವೂ ಜಾಸ್ತಿ ಆಗುವುದಿಲ್ಲ, ಆಮೇಲೆ ಬರುವ ದೊಡ್ಡ ಬ್ಯಾಟರಿಯವರಿಗೆ ಕಾಲು ಗಂಟೆ ಉಳಿಯಬಹುದು. ಇರುವುದು ಒಂದೇ ಯಂತ್ರವಾದರೆ ಸಂಕೋಚ ಬೇಡ, ಅದು ನಿಮಗೂ ಸೇರಿದ್ದು. ದೊಡ್ಡ ಕಾರಿನವರಿಗೂ ಒಂದು ಮಾತು. ಪಕ್ಕದ ಗನ್ ಖಾಲಿಯಾದ ಮೇಲೂ ನಿಮ್ಮ ವೇಗ ಏರದಿದ್ದರೆ ಆ್ಯಪಿನಲ್ಲಿ ಚಾರ್ಜಿಂಗ್ ನಿಲ್ಲಿಸಿ ಮತ್ತೆ ಶುರು ಮಾಡಿ. ಕೆಲವು ಯಂತ್ರಗಳು ಶುರುವಿನಲ್ಲಿ ಮಾಡಿದ ಪಾಲನ್ನು ಆಮೇಲೆ ತಾವಾಗಿ ಬದಲಿಸುವುದಿಲ್ಲ. ಇದು ತಿಳಿಯದೆ ಅರ್ಧ ವೇಗದಲ್ಲೇ ಒಂದು ಗಂಟೆ ಕೂತವರನ್ನು ನೋಡಿದ್ದೇನೆ.

ವೇಗ ಕಡಿಮೆಯಾಗಲು ಪಕ್ಕದ ಕಾರೇ ಕಾರಣ ಅಂತಲೂ ಇಲ್ಲ. ನಮ್ಮ ಮೂರು ಜಿಲ್ಲೆಗಳಲ್ಲಿ ನಾನು ಕಂಡ ದೊಡ್ಡ ಕಾರಣ ಧೂಳು. ಬಳ್ಳಾರಿ, ಸಂಡೂರು ಕಡೆ ಅದಿರಿನ ಕೆಂಪು ಧೂಳು. ಗಂಗಾವತಿ, ಸಿಂಧನೂರು ಕಡೆ ರೈಸ್ ಮಿಲ್ಲಿನ ಹೊಟ್ಟಿನ ಧೂಳು. ಯಂತ್ರದ ಗಾಳಿ ಫಿಲ್ಟರ್ ಮುಚ್ಚಿಹೋದರೆ ಒಳಗಿನ ಮಾಡ್ಯೂಲ್ ಬಿಸಿಯಾಗುತ್ತದೆ. ಬಿಸಿ ಮಿತಿ ಮೀರಿದರೆ ಯಂತ್ರ ತಾನೇ ತಾಕತ್ತು ಇಳಿಸಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನಲ್ಲಿ 40 ಡಿಗ್ರಿ ದಾಟಿದಾಗ ನೆರಳಿಲ್ಲದ ಕಡೆ ನಿಂತ ಯಂತ್ರದ ಪಾಡು ಕೇಳಬೇಡಿ. ಕಾರಿನ ಬ್ಯಾಟರಿಯೂ ಬಿಸಿಯಾದಾಗ ಕಡಿಮೆ ಕರೆಂಟ್ ಕೇಳುತ್ತದೆ. ಒಂದು ಮಾಡ್ಯೂಲ್ ಕೆಟ್ಟು ಕೂತಿದ್ದರೆ 60ರ ಯಂತ್ರ ಇಡೀ ದಿನ 45ಕ್ಕೋ 30ಕ್ಕೋ ಓಡುತ್ತಿರುತ್ತದೆ, ಬೋರ್ಡಿನ ಮೇಲೆ ಮಾತ್ರ 60 ಅಂತಲೇ ಇರುತ್ತದೆ. ಹೋಟೆಲ್ ಮುಂದೆ ಯಂತ್ರ ಇಟ್ಟುಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ತಿಂಗಳಿಗೊಮ್ಮೆ ಆ ಫಿಲ್ಟರ್ ಸ್ವಚ್ಛ ಮಾಡಿಸಿ. ಮೇಲೊಂದು ತಗಡಿನ ನೆರಳು ಹಾಕಿಸಿ. ಎಷ್ಟೋ ಜಗಳಗಳು ಅಷ್ಟರಲ್ಲೇ ತಪ್ಪುತ್ತವೆ.

ಈಗ 80ರ ವಿಷಯ. "80 ಆದಮೇಲೆ ತೆಗೆಯಬೇಕು" ಎಂಬುದು ಕಾನೂನಲ್ಲ. ಆದರೆ ಸುಮ್ನೆ ಹುಟ್ಟಿದ ಮಾತೂ ಅಲ್ಲ. ನಿಮ್ಮೂರಿನ ಮಿಲ್ಲುಗಳಲ್ಲಿ ಅಕ್ಕಿ ಚೀಲ ತುಂಬುವುದನ್ನು ನೋಡಿರುತ್ತೀರಿ. ಮೊದಲು ಸುರುವಿದ್ದೇ ಸುರುವಿದ್ದು. ಚೀಲದ ಬಾಯಿ ಹತ್ತಿರ ಬಂದಾಗ ಕೈ ನಿಧಾನವಾಗುತ್ತದೆ, ಕುಲುಕಿ ಕುಲುಕಿ ಹಾಕಬೇಕು. ಇಲ್ಲದಿದ್ದರೆ ಹೊರಗೆ ಚೆಲ್ಲುತ್ತದೆ. ಬ್ಯಾಟರಿಯೂ ಹಾಗೆ. ಕೊನೆಯಲ್ಲಿ ಜೋರಾಗಿ ತುಂಬಿದರೆ ಲಿಥಿಯಂ ಒಳಗೆ ಸೇರುವ ಬದಲು ಮೇಲೆಯೇ ಲೋಹವಾಗಿ ಅಂಟಿಕೊಳ್ಳಬಹುದು. ಅದು ಬ್ಯಾಟರಿಯ ಆಯಸ್ಸು ಕಡಿಮೆ ಮಾಡುತ್ತದೆ. ಅದಕ್ಕೇ 80ರ ಆಸುಪಾಸಿನಿಂದ ಕಾರೇ ಕರೆಂಟ್ ಇಳಿಸುತ್ತಾ ಹೋಗುತ್ತದೆ. ಫಾಸ್ಟ್ ಚಾರ್ಜರ್‌ನಲ್ಲಿ ಕೊನೆಯ 20 ಪರ್ಸೆಂಟ್‌ಗೆ, ಅದಕ್ಕಿಂತ ಮುಂಚಿನ 50 ಪರ್ಸೆಂಟ್‌ಗೆ ಹಿಡಿದಷ್ಟೇ ಹೊತ್ತು ಹಿಡಿದರೂ ಆಶ್ಚರ್ಯವಿಲ್ಲ. 95ರಲ್ಲಿ ಕೂತ ಕಾರು 10 ಕಿಲೋವ್ಯಾಟ್ ಕೂಡ ತೆಗೆದುಕೊಳ್ಳದೆ 30 ಕಿಲೋವ್ಯಾಟಿನ ಪಾಲನ್ನು ಹಿಡಿದಿಟ್ಟಿರುತ್ತದೆ. ಹಿಂದೆ ಕಾಯುವವರಿಗೆ ಸಿಟ್ಟು ಬರುವುದು ಇಲ್ಲೇ, ಅದು ನ್ಯಾಯವಾದ ಸಿಟ್ಟು.

"ನಮ್ಮದು ಎಲ್‌ಎಫ್‌ಪಿ ಬ್ಯಾಟರಿ, 100 ಮಾಡಲೇಬೇಕು ಅಂತ ಕಂಪನಿಯವರೇ ಹೇಳಿದ್ದಾರೆ" ಎನ್ನುವವರು ಸಿಗುತ್ತಾರೆ. ಎಲ್‌ಎಫ್‌ಪಿ ಅಂದರೆ ಲಿಥಿಯಂ ಐರನ್ ಫಾಸ್ಫೇಟ್. ಆ ಬಗೆಯ ಬ್ಯಾಟರಿಯನ್ನು ಆಗಾಗ ಪೂರ್ತಿ ತುಂಬಬೇಕು ಎಂಬುದು ಸರಿ. ಎಷ್ಟು ಚಾರ್ಜ್ ಉಳಿದಿದೆ ಎಂಬ ಲೆಕ್ಕ ಕಾರಿಗೆ ಸರಿಯಾಗಿ ಸಿಗುವುದು ಆಗಲೇ. ಆದರೆ ಆ ಕೆಲಸವನ್ನು ಮನೆಯ ನಿಧಾನದ ಚಾರ್ಜರ್‌ನಲ್ಲಿ ರಾತ್ರಿ ಮಾಡಿಕೊಳ್ಳಬಹುದು, ಅಲ್ವಾ? ಹೆದ್ದಾರಿಯ ಗನ್ ಹಿಡಿದು ಮಾಡಬೇಕಾಗಿಲ್ಲ. 80 ದಾಟಿ ಕೂರಲು ನನಗೆ ಒಪ್ಪಿಗೆಯಾಗುವ ಕಾರಣ ಒಂದೇ. ಮುಂದಿನ ಯಂತ್ರ ದೂರವಿದ್ದು, ಅದು ಓಡುತ್ತಿದೆಯೋ ಇಲ್ಲವೋ ಖಾತ್ರಿ ಇಲ್ಲದಿದ್ದರೆ ಕೂರಲೇಬೇಕು. ಆಗ ಕಾಯುವವರಿಗೆ ಹೋಗಿ ಹೇಳಿ, "ನಾನು ಇಂಥ ಊರಿಗೆ ಹೋಗಬೇಕು, 90 ಬೇಕು, ಇನ್ನು 20 ನಿಮಿಷ". ಹೀಗೆ ಹೇಳಿದ ಮೇಲೆ ಜಗಳವಾಡಿದವರನ್ನು ನಾನು ಕಂಡಿಲ್ಲ.

ಆ ಕೆಂಪು ಗುಂಡಿಯ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಅದು ಚಾರ್ಜಿಂಗ್ ನಿಲ್ಲಿಸುವ ಸ್ವಿಚ್ ಅಲ್ಲ. ಹೊಗೆ, ಕಿಡಿ, ಸುಟ್ಟ ವಾಸನೆ, ಶಾಕ್, ಇಷ್ಟಕ್ಕೆ ಮಾತ್ರ ಇರುವುದು. ಅದನ್ನು ಒತ್ತಿದಾಗ ನೂರಾರು ವೋಲ್ಟಿನ ಡಿಸಿ ಕರೆಂಟ್ ಹರಿಯುತ್ತಿರುವಾಗಲೇ ಕೊಂಡಿ ಕಡಿಯುತ್ತದೆ. ಒಳಗಿನ ಕಾಂಟ್ಯಾಕ್ಟರ್‌ಗಳಲ್ಲಿ, ಅಂದರೆ ಕರೆಂಟ್ ಕಡಿಯುವ ದೊಡ್ಡ ಸ್ವಿಚ್‌ಗಳಲ್ಲಿ, ಕಿಡಿ ಏಳುತ್ತದೆ. ಮತ್ತೆ ಮತ್ತೆ ಹೀಗಾದರೆ ಅವು ಸವೆಯುತ್ತವೆ. ಯಂತ್ರ ದೋಷದ ಸ್ಥಿತಿಗೆ ಹೋಗುತ್ತದೆ. ಗುಂಡಿಯನ್ನು ತಿರುಗಿಸಿ ಮೇಲೆತ್ತಿದರೂ ಕೆಲವು ಯಂತ್ರಗಳು ಕಂಪನಿಯ ಕಂಟ್ರೋಲ್ ರೂಮಿನಿಂದ ರೀಸೆಟ್ ಆಗುವ ತನಕ ಏಳುವುದಿಲ್ಲ. ಒಮ್ಮೆ ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಬಂತು. ಹೆದ್ದಾರಿಯಲ್ಲಿ ಯಂತ್ರ ಸತ್ತಿದೆ, ಮೂರು ಕಾರುಗಳು ನಿಂತಿವೆ, ಒಂದರಲ್ಲಿ ಬಾಣಂತಿ ಇದ್ದಾರೆ. ಹೋಗಿ ನೋಡಿದರೆ ಯಾರೋ ಗನ್ ಬೇಗ ಬಿಡಿಸಲು ಕೆಂಪು ಗುಂಡಿ ಒತ್ತಿ ಹೊರಟುಹೋಗಿದ್ದರು. ಅವತ್ತು ಅವರ ಮುಖ ನೋಡಿದ ಮೇಲೆ ಈ ವಿಷಯದಲ್ಲಿ ನಾನು ಮೆತ್ತಗೆ ಮಾತಾಡುವುದು ಬಿಟ್ಟಿದ್ದೇನೆ.

ಬೇರೆಯವರ ಗನ್ ಕಿತ್ತು ತೆಗೆಯಬಹುದಾ? ಚಾರ್ಜ್ ಆಗುತ್ತಿರುವಾಗ ಆಗುವುದಿಲ್ಲ. ಕಾರಿನ ಪೋರ್ಟಿನೊಳಗೆ ಒಂದು ಸಣ್ಣ ಪಿನ್ ಗನ್ನನ್ನು ಹಿಡಿದಿರುತ್ತದೆ. ಜಗ್ಗಿದರೆ ಪಿನ್ ಮುರಿಯಬಹುದು, ಆಮೇಲೆ ಆ ಕಾರು ಎಲ್ಲೂ ಚಾರ್ಜ್ ಆಗದೆ ಹೋಗಬಹುದು. ಚಾರ್ಜ್ ಮುಗಿದ ಮೇಲೆ ಕೆಲವು ಕಾರುಗಳು ತಾವಾಗಿ ಬಿಡುತ್ತವೆ, ಕೆಲವು ಮಾಲೀಕರು ಅನ್‌ಲಾಕ್ ಮಾಡುವ ತನಕ ಬಿಡುವುದಿಲ್ಲ. ಪೂರ್ತಿ ಮುಗಿದು, ಗನ್ ತಾನಾಗಿ ಸಡಿಲವಾಗಿದ್ದು, ಮಾಲೀಕರನ್ನು ಕೂಗಿದರೂ ಸಿಗದಿದ್ದರೆ ಹೋಟೆಲಿನ ಒಬ್ಬರನ್ನು ಸಾಕ್ಷಿಗೆ ನಿಲ್ಲಿಸಿಕೊಂಡು ತೆಗೆಯಿರಿ. ತೆಗೆದ ಗನ್ನನ್ನು ನೆಲಕ್ಕೆ ಬಿಡಬೇಡಿ. ಪಿನ್ನುಗಳೊಳಗೆ ಮಣ್ಣು ಸೇರಿದರೆ ಮುಂದಿನವರ ಕಾರಿನಲ್ಲಿ ಅದು ಬಿಸಿಯಾಗುತ್ತದೆ.

ನೀವು ಕಾರು ಬಿಟ್ಟು ಹೋಗುವಾಗ ಮೊಬೈಲ್ ನಂಬರ್ ಬರೆದು ಗಾಜಿನ ಮುಂದೆ ಇಡಿ ಅಂತ ಎಲ್ಲರೂ ಹೇಳುತ್ತಾರೆ. ಹೆಣ್ಣುಮಕ್ಕಳಿಗೆ ನಾನು ಆ ಸಲಹೆ ಕೊಡುವುದಿಲ್ಲ. ಹೋಟೆಲಿನ ಕ್ಯಾಶ್ ಕೌಂಟರ್‌ನಲ್ಲಿ, "ಆ ಕಾರು ನಮ್ಮದು, ಇಲ್ಲೇ ಇದ್ದೇವೆ, ಇಷ್ಟು ಪರ್ಸೆಂಟ್‌ಗೆ ತೆಗೆಯುತ್ತೇವೆ" ಅಂತ ಹೇಳಿ ಹೋಗಿ. ನನಗೆ ಗೊತ್ತಿರುವ ಒಬ್ಬ ಹೋಟೆಲ್ ಮಾಲೀಕರು ಕೌಂಟರ್ ಪಕ್ಕ ಶಾಲೆಯ ಸ್ಲೇಟು ತೂಗುಹಾಕಿದ್ದಾರೆ. ಕಾರಿನ ನಂಬರ್, ಬಂದ ಹೊತ್ತು, ಎಷ್ಟಕ್ಕೆ ತೆಗೆಯುತ್ತಾರೆ, ಮೂರೇ ಸಾಲು. ಜನವರಿಯಲ್ಲಿ ಗವಿಮಠದ ಜಾತ್ರೆಗೆ, ರಜೆಯಲ್ಲಿ ಅಂಜನಾದ್ರಿ, ಹಂಪಿಗೆ ಬರುವವರ ಸಾಲು ಹತ್ತಿದಾಗ ಆ ಸ್ಲೇಟು ಯಾವ ಆ್ಯಪ್‌ಗಿಂತ ಚೆನ್ನಾಗಿ ಕೆಲಸ ಮಾಡಿತು. ಅಮೆರಿಕದಲ್ಲಿ ಟೆಸ್ಲಾ ಕಂಪನಿ ಚಾರ್ಜ್ ಮುಗಿದ ಮೇಲೂ ಜಾಗ ಬಿಡದ ಕಾರಿಗೆ 2016ರಿಂದಲೇ ನಿಮಿಷದ ಲೆಕ್ಕದಲ್ಲಿ ಶುಲ್ಕ ಹಾಕುತ್ತಿದೆ. ನಮ್ಮಲ್ಲೂ ಅಂಥದ್ದು ಎಲ್ಲ ಕಡೆ ಬಂದರೆ ನಾನು ಸ್ವಾಗತಿಸುತ್ತೇನೆ. ಅಲ್ಲಿಯ ತನಕ ಸ್ಲೇಟು ಸಾಕು.

ಯಾರಿಗೆ ಪ್ರವೇಶ ಇದೆ, ಯಾರಿಗೆ ಇಲ್ಲ ಎಂಬುದನ್ನೂ ತಿಳಿದಿರಿ. ಸಾರ್ವಜನಿಕ ಚಾರ್ಜಿಂಗ್ ಸ್ಟೇಷನ್ ಎಂದರೆ ಯಾವ ಇವಿ ಬೇಕಾದರೂ ಬಂದು ಚಾರ್ಜ್ ಮಾಡಿಕೊಳ್ಳುವ ಜಾಗ. ಮಾರ್ಗಸೂಚಿಯ ಅರ್ಥವೇ ಅದು. ಅಲ್ಲಿ "ನಮ್ಮ ಕಂಪನಿ ಕಾರಿಗೆ ಮಾತ್ರ", "ಸಣ್ಣ ಕಾರಿಗೆ ಇಲ್ಲ" ಎನ್ನುವಂತಿಲ್ಲ. ಸಂಸ್ಥೆಯೊಂದು ತನ್ನದೇ ವಾಹನಗಳಿಗೆ ಇಟ್ಟುಕೊಂಡದ್ದು ಬೇರೆ. ಶೋರೂಂ ಆವರಣದಲ್ಲಿರುವ ಯಂತ್ರಗಳಲ್ಲಿ ಗೊಂದಲ ಜಾಸ್ತಿ. ನನ್ನನ್ನೂ ಒಮ್ಮೆ ಒಂದು ಶೋರೂಂನ ಗೇಟಿನಲ್ಲೇ, ಬೇರೆ ಕಂಪನಿಯ ಕಾರು ಅಂತ ತಿರುಗಿಸಿ ಕಳಿಸಿದ್ದರು. ಅಲ್ಲಿಗೆ ಹೋಗುವ ಮೊದಲು ಫೋನ್ ಮಾಡಿ ಕೇಳಿಬಿಡುವುದು ಒಳ್ಳೆಯದು. ಹಾಗೆಯೇ ಮ್ಯಾಪಿನಲ್ಲಿ ಎರಡು ಗನ್ ಕಂಡರೂ ಎರಡೂ ಸಿಸಿಎಸ್-2, ಅಂದರೆ ನಿಮ್ಮ ಕಾರಿಗೆ ಹಿಡಿಸುವ ಬಗೆಯ ಗನ್, ಆಗಿರಬೇಕೆಂದಿಲ್ಲ. ಹಳೆಯ ಸರ್ಕಾರಿ ಜಾಗಗಳಲ್ಲಿ 15 ಕಿಲೋವ್ಯಾಟಿನ ಜಿಬಿ/ಟಿ ಎಂಬ ಬೇರೆ ಬಗೆಯ ಗನ್ ಇರುತ್ತದೆ, ಅದು ನಿಮ್ಮ ಕಾರಿಗೆ ಹಿಡಿಸುವುದಿಲ್ಲ. ಎಂಜಿ ಕಾಮೆಟ್‌ನಂಥ ಕಾರುಗಳಿಗೆ ಡಿಸಿ ಚಾರ್ಜಿಂಗೇ, ಅಂದರೆ ಈ ಫಾಸ್ಟ್ ಚಾರ್ಜಿಂಗೇ, ಇಲ್ಲ. ಅವರು ಡಿಸಿ ಗನ್ನಿನ ಜಾಗ ಬಿಟ್ಟು ಎಸಿ ಪಾಯಿಂಟ್ (ಮನೆಯ ಕರೆಂಟಿನಂಥ, ನಿಧಾನದ ಚಾರ್ಜಿಂಗ್) ಪಕ್ಕ ನಿಲ್ಲಿಸಿದರೆ ಎಲ್ಲರಿಗೂ ಅನುಕೂಲ. ಯಾರಾದರೂ ತಡೆದರೆ ವಾದ ಬೆಳೆಸಬೇಡಿ. ಯಂತ್ರದ ನಂಬರ್, ಬೋರ್ಡಿನ ಫೋಟೋ, ಹೊತ್ತು ಗುರುತು ಹಾಕಿಕೊಂಡು ಯಂತ್ರದ ಮೇಲಿರುವ ಕಂಪನಿಯ ಸಹಾಯವಾಣಿಗೆ ದೂರು ಕೊಡಿ. ಕೆಂಪು ಗುಂಡಿ ಒತ್ತಿದ ಸಮಯವೂ ಅವರ ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದೆ. ನಿಮ್ಮ ವಿಷಯದಲ್ಲೂ ಈಗ ಕೇಳಬಹುದು.

ಈ ಗೋಜೇ ಬೇಡ ಅಂತ ಸಾರ್ವಜನಿಕ ಯಂತ್ರಗಳನ್ನು ಬಿಟ್ಟು, ದಾರಿಯಲ್ಲಿ ನೆಂಟರ ಮನೆ, ಲಾಡ್ಜಿನ 15 ಆಂಪ್ ಸಾಕೆಟ್ಟಿಗೆ ಹಾಕಿಕೊಳ್ಳುವವರಿದ್ದಾರೆ. ಗಂಟೆಗೆ ಎರಡೂವರೆ, ಮೂರು ಯೂನಿಟ್ ಬರುತ್ತದೆ. ರಾತ್ರಿ ತಂಗುವುದಾದರೆ ಸಾಕು. ಆದರೆ ಹಳೆಯ ವೈರಿಂಗ್, ಸರಿಯಿಲ್ಲದ ಅರ್ಥಿಂಗ್ ಇದ್ದರೆ ಅಪಾಯ. ಎಕ್ಸ್‌ಟೆನ್ಶನ್ ಬೋರ್ಡ್ ಹಾಕಿ ಐದಾರು ಗಂಟೆ ಬಿಟ್ಟು ಪ್ಲಾಸ್ಟಿಕ್ ಕರಗಿದ್ದನ್ನು ನಾನೇ ಬಿಚ್ಚಿ ತೆಗೆದಿದ್ದೇನೆ. ಎಕ್ಸ್‌ಟೆನ್ಶನ್ ಬೇಡವೇ ಬೇಡ. ಅರ್ಧ ಗಂಟೆಗೊಮ್ಮೆ ಪ್ಲಗ್ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ನಿಲ್ಲಿಸಿಬಿಡಿ.

ಅಮ್ಮನನ್ನು ಮತ್ತೆ ಹುಬ್ಬಳ್ಳಿಗೆ ಕರೆದುಕೊಂಡು ಹೋಗುವಾಗ ಹೀಗೆ ಮಾಡಿ ನೋಡಿ. ಮನೆಯಿಂದ 100 ಮಾಡಿಕೊಂಡು ಹೊರಡಿ. ಕೊಪ್ಪಳದಿಂದ ಗದಗ ಸುಮಾರು 60 ಕಿ.ಮೀ., ಅಲ್ಲಿಂದ ಹುಬ್ಬಳ್ಳಿ ಹೆಚ್ಚುಕಡಿಮೆ ಅಷ್ಟೇ. ಹೋಗುವಾಗ ಗದಗಿನಲ್ಲಿ ತಿಂಡಿಗೆ ನಿಂತಾಗ 15 ನಿಮಿಷ ಹಾಕಿಕೊಂಡರೆ ಹುಬ್ಬಳ್ಳಿಗೆ ನಿಶ್ಚಿಂತೆಯಾಗಿ ಸೇರುತ್ತೀರಿ. ಆಸ್ಪತ್ರೆಯಲ್ಲಿ ಹೇಗೂ ಎರಡು ಮೂರು ಗಂಟೆ ಕಾಯುವುದಿರುತ್ತದೆ. ಆ ಹೊತ್ತಿಗೆ ಎಸಿ ಪಾಯಿಂಟ್ ಸಿಕ್ಕರೆ ಅಲ್ಲಿ ಬಿಟ್ಟುಬಿಡಿ, ಸಿಗದಿದ್ದರೆ ಡಿಸಿಯಲ್ಲಿ 80 ಮಾಡಿಕೊಳ್ಳಿ. ವಾಪಸ್ ಬರುವಾಗಲೂ ಗದಗಿನಲ್ಲೇ ಒಂದು ಚಹಾ ಕುಡಿಯುವಷ್ಟು ಹೊತ್ತು ಹಾಕಿ. ಆಗ ಕೊಪ್ಪಳದ ಆ ಹೋಟೆಲ್ ಮುಂದೆ ನಿಲ್ಲಲೇಬೇಕಾದ ಅಗತ್ಯ ಬರುವುದಿಲ್ಲ. ಬಂದರೆ ಧೈರ್ಯವಾಗಿ ನಿಲ್ಲಿ. 50 ಆದಮೇಲೆ ಗನ್ ತೆಗೆದು, ಕೇಬಲ್ ಸುತ್ತಿ ಅದರ ಜಾಗದಲ್ಲಿ ನೇತುಹಾಕಿ ಹೊರಡಿ.